ಕರಾರುಪತ್ರಗಳು ಕಟ್ಟಿದ ಯಂತ್ರಲೋಕ

ಬ್ಯಾಂಕಿನ ಕೌಂಟರಿನ ಹಿಂಬದಿಯ ಕೋಣೆಯಲ್ಲೋ, ಆಸ್ಪತ್ರೆಯ ದಾಖಲೆ ವಿಭಾಗದಲ್ಲೋ, ಸಗಟು ವ್ಯಾಪಾರಿಯ ಉಗ್ರಾಣದ ಮೂಲೆಯಲ್ಲೋ ಹಗಲಿರುಳೆನ್ನದೆ ಗುಂಯ್‌ಗುಡುತ್ತ ನಿಂತಿರುವ ಸರ್ವರ್ ಎಂಬ ಯಂತ್ರವನ್ನು ಕಣ್ಣಾರೆ ಕಂಡವರು ಕಡಮೆ. ಅದರೊಳಗಿದ್ದು ಅದನ್ನು ಆಳುವ ಆಪರೇಟಿಂಗ್ ಸಿಸ್ಟಂ ಎಂಬುದರ ವಿಚಾರವಾಗಿ ಚಿಂತಿಸಿದವರು ಅವರಿಗಿಂತಲೂ ಕಡಮೆ. ಯಾವ ಕಡತ ಎಲ್ಲಿದೆ, ಅದನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಲಾಗದು ಎಂಬುದನ್ನೆಲ್ಲ ಹಿಂದೆ ಊರಿನ ಶಾನುಭೋಗರು ನಿರ್ಣಯಿಸುತ್ತಿದ್ದಂತೆ, ಏಕಕಾಲಕ್ಕೆ ನೂರಾರು ಮಂದಿ ಬಂದು ಕೇಳುವ ಲೆಕ್ಕಗಳನ್ನು ಅವರವರ ಅಧಿಕಾರಕ್ಕೆ ತಕ್ಕಂತೆ ಒದಗಿಸುವುದು ಇದರ ಕೆಲಸ. ಇಂಥದೊಂದನ್ನು ಕೊಳ್ಳಹೊರಟ ವರ್ತಕನು ಯಾವುದು ಹೆಚ್ಚು ವೇಗದ್ದು, ಯಾವುದು ಹೆಚ್ಚು ಭದ್ರವಾದುದು ಎಂದು ವಿಚಾರಿಸುವುದು ಸಹಜವೇ ಸರಿ. ಆದರೆ ಈ ವ್ಯವಸ್ಥೆಗಳ ವಂಶಾವಳಿಯನ್ನು ಬಿಡಿಸಿ ನೋಡಿದರೆ, ಅವುಗಳ ಉದಯಾಸ್ತಮಾನಗಳಿಗೆ ತಂತ್ರಜ್ಞರ ಪ್ರತಿಭೆ ಎಷ್ಟು ಕಾರಣವೋ ವಕೀಲರ ಲೇಖನಿಯೂ ಅಷ್ಟೇ ಕಾರಣವೆಂಬುದು ವಿದಿತವಾಗುತ್ತದೆ.

ಅಮೆರಿಕದಲ್ಲಿ ಟೆಲಿಫೋನಿನ ಏಕಸ್ವಾಮ್ಯವನ್ನು ಅನುಭವಿಸುತ್ತಿದ್ದ ಎಟಿ ಅಂಡ್ ಟಿ ಸಂಸ್ಥೆಯ ಮೇಲೆ ಅಲ್ಲಿನ ಸರ್ಕಾರವು ಹೂಡಿದ್ದ ದಾವೆಯು 1956ರಲ್ಲಿ ಒಂದು ರಾಜಿ ಡಿಕ್ರಿಯಲ್ಲಿ ಮುಕ್ತಾಯವಾಯಿತು. ದೂರಸಂಪರ್ಕವಲ್ಲದ ಬೇರಾವ ವ್ಯಾಪಾರಕ್ಕೂ ಸಂಸ್ಥೆಯು ಕೈಹಾಕಕೂಡದೆಂಬುದು ಅದರ ಒಂದು ಷರತ್ತು. ಹದಿಮೂರು ವರ್ಷಗಳ ತರುವಾಯ, 1969ರಲ್ಲಿ, ಅದೇ ಸಂಸ್ಥೆಗೆ ಸೇರಿದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬ ವಿದ್ವಾಂಸರು, ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ತಮ್ಮ ಪ್ರಯೋಗಾಲಯವು ಹೊರಬಿದ್ದುದರ ಬೆನ್ನಿಗೇ, ಪಿಡಿಪಿ-7 ಎಂಬ ಹಳೆಯದೊಂದು ಯಂತ್ರದ ಮೇಲೆ ಯೂನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ರಚಿಸಿದರು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮರುರಚಿಸಿದ್ದರಿಂದ, ಒಂದು ಯಂತ್ರಕ್ಕೆ ಅಂಟಿಕೊಂಡಿರಬೇಕಾದ ನಿರ್ಬಂಧವು ತಪ್ಪಿ, ಯಂತ್ರದಿಂದ ಯಂತ್ರಕ್ಕೆ ಸಾಗುವ ಶಕ್ತಿಯು ಅದಕ್ಕೆ ಪ್ರಾಪ್ತವಾಯಿತು.

ಕೈಯಲ್ಲಿದ್ದ ಈ ನಿಧಿಯನ್ನು ಮಾರುವ ಅಂಗಡಿಯನ್ನು ತೆರೆಯಲು ಡಿಕ್ರಿಯು ಅಡ್ಡಬಂದುದರಿಂದ, ಎಟಿ ಅಂಡ್ ಟಿಯು ಯೂನಿಕ್ಸನ್ನು ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲಸಂಕೇತ (ತಂತ್ರಜ್ಞರು ಬರೆದ ಮೂಲ ಪಠ್ಯ) ಸಮೇತವಾಗಿ, ಕೊಟ್ಟುಬಿಟ್ಟಿತು. ಕೆಟ್ಟರೆ ದುರಸ್ತಿ ಮಾಡಿಕೊಡುವ ಹೊಣೆಯನ್ನು ಮಾತ್ರ ಹೊರಲಿಲ್ಲ. ದುರಸ್ತಿಗೆ ದಿಕ್ಕಿಲ್ಲದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮಲ್ಲೇ ತಿದ್ದುಪಡಿಗಳನ್ನು ಹಂಚಿಕೊಳ್ಳತೊಡಗಿದರು. ಬರ್ಕ್‌ಲಿಯ ವಿಶ್ವವಿದ್ಯಾನಿಲಯದಿಂದ ಬಿಎಸ್‌ಡಿ ಎಂಬ ಸಮೃದ್ಧವಾದ ಶಾಖೆಯೊಂದು ಹೊರಟಿತು. 1983ರ ಅದರ ಆವೃತ್ತಿಯಲ್ಲಿ, ಇಂದಿನ ಇಂಟರ್ನೆಟ್ಟಿಗೆ ಆಧಾರವಾದ ಟಿಸಿಪಿ-ಐಪಿ ನಿಯಮಾವಳಿಯು ಅಂತರ್ಗತವಾಗಿತ್ತು. ಸಹಕಾರದ ಈ ಪದ್ಧತಿಯನ್ನು ಯಾರೂ ಮುಂಗಂಡು ಯೋಜಿಸಿದುದಲ್ಲ; ನಿಷೇಧವೊಂದರ ನೆರಳಿನಲ್ಲಿ ಅದು ತಾನಾಗಿ ಬೆಳೆಯಿತು.

1984ರಲ್ಲಿ ಸಂಸ್ಥೆಯು ವಿಭಜನೆಯಾಗಿ ಆ ನಿರ್ಬಂಧವು ಸಡಿಲಿದೊಡನೆ ಯೂನಿಕ್ಸ್ ಒಂದು ಸರಕಾಯಿತು. ಸನ್, ಐಬಿಎಂ, ಎಚ್‌ಪಿ ಮೊದಲಾದವರು ತಂತಮ್ಮ ಯೂನಿಕ್ಸುಗಳನ್ನು ತಂತಮ್ಮ ದುಬಾರಿ ಯಂತ್ರಗಳಿಗೆ ಗಂಟುಹಾಕಿ ಮಾರತೊಡಗಿ, ಒಂದರ ತಂತ್ರಾಂಶವು ಮತ್ತೊಂದರಲ್ಲಿ ನೆಟ್ಟಗೆ ನಡೆಯದೆಂಬ ದುರವಸ್ಥೆಯು ಪ್ರಾಪ್ತವಾಯಿತು. ಇವರು ಹೀಗೆ ಪರಸ್ಪರ ಕಾದಾಡುತ್ತಿರಲು, ಸಾಧಾರಣ ಕಛೇರಿಗಳಿಗೆ ಪ್ರವೇಶಿಸಿದುದು ಯೂಟಾ ಪ್ರಾಂತದ ನಾವೆಲ್ ಕಂಪನಿಯ ನೆಟ್‌ವೇರ್. ಕಡತಗಳನ್ನೂ ಪ್ರಿಂಟರನ್ನೂ ಹಲವರು ಹಂಚಿಕೊಳ್ಳುವಂತೆ ಮಾಡುವ ಒಂದೇ ಕೆಲಸವನ್ನು ಅದು ಅತ್ಯಂತ ಚೊಕ್ಕಟವಾಗಿ ನಿರ್ವಹಿಸುತ್ತಿತ್ತು. ಆ ಒಂದು ಕೆಲಸದಾಚೆಗೆ ಕೈಚಾಚಬೇಕಾಗಿ ಬಂದಾಗ ಅದಕ್ಕೆ ಕಷ್ಟವಾಯಿತು.

ನೆಟ್‌ವೇರಿನ ಸ್ಥಾನಕ್ಕೆ ಲಗ್ಗೆಯಿಟ್ಟದ್ದು ಮೈಕ್ರೋಸಾಫ್ಟ್. ಡಿಜಿಟಲ್ ಕಂಪನಿಯಲ್ಲಿ ವಿಎಂಎಸ್ ವ್ಯವಸ್ಥೆಯನ್ನು ಕಟ್ಟಿ ಪಳಗಿದ್ದ ಡೇವ್ ಕಟ್ಲರ್ ಎಂಬಾತನನ್ನು 1988ರಲ್ಲಿ ಅದು ತನ್ನಲ್ಲಿಗೆ ಕರೆತಂದಿತು. ಆತನ ನೇತೃತ್ವದಲ್ಲಿ ಸಿದ್ಧವಾದ ವಿಂಡೋಸ್ ಎನ್‌ಟಿಯು 1993ರ ಜುಲೈಯಲ್ಲಿ ಹೊರಬಂದಿತು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಂಡು ರೂಢಿಯಾದ ಮುಖವೇ ಸರ್ವರಿನಲ್ಲೂ ಕಾಣಿಸಿದ್ದು ಅನೇಕರನ್ನು ಅದರತ್ತ ಸೆಳೆಯಿತು. ಆದರೆ ಬಂದವರನ್ನು ಬಿಡದೆ ಹಿಡಿದಿಟ್ಟದ್ದು 2000ದಲ್ಲಿ ಬಂದ ಆಕ್ಟಿವ್ ಡೈರೆಕ್ಟರಿಯೆಂದು ನನ್ನ ಅಭಿಪ್ರಾಯ. ನೌಕರರ ಹೆಸರು, ಗುಪ್ತಪದ, ಅಧಿಕಾರ ಇವೆಲ್ಲವನ್ನೂ ಒಂದೇ ಕಡೆ ಬರೆದಿಡುವ ಈ ವ್ಯವಸ್ಥೆಯೊಳಕ್ಕೆ ಪ್ರವೇಶಿಸುವುದು ಸುಲಭ. ಹೊರಬರುವುದೆಂದರೆ ಕಛೇರಿಯ ಸಮಸ್ತ ವ್ಯವಹಾರವನ್ನೂ ಕಿತ್ತು ನೆಟ್ಟಂತೆಯೇ.

ಇತ್ತ ಯೂನಿಕ್ಸಿನ ಕಥೆಯಲ್ಲಿ ಮತ್ತೊಂದು ಕರಾರು ವಿಚಿತ್ರವಾದ ಫಲವನ್ನು ಕೊಟ್ಟಿತ್ತು. 1979ರ ಏಳನೆಯ ಆವೃತ್ತಿಯ ಪರವಾನಗಿಯು, ಮೂಲಸಂಕೇತವನ್ನು ತರಗತಿಗಳಲ್ಲಿ ಪಾಠವಾಗಿ ಹೇಳಕೂಡದೆಂದು ನಿರ್ಬಂಧಿಸಿತು. ಪಾಠ ಹೇಳಲು ಬೇರೊಂದು ಬೇಕಲ್ಲವೆ? ಆಂಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರೂ ಟಾನೆನ್‌ಬಾಮ್ ಅವರು ಮಿನಿಕ್ಸ್ ಎಂಬುದನ್ನು ಸ್ವತಂತ್ರವಾಗಿ ಬರೆದು 1987ರಲ್ಲಿ ತಮ್ಮ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಅದನ್ನು ಮನಬಂದಂತೆ ತಿದ್ದಿ ಹಂಚುವ ಅಧಿಕಾರವು ಕೊಂಡವನಿಗೆ ಇರಲಿಲ್ಲ. ಅದರ ಮುಂದೆ ಕುಳಿತಿದ್ದ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತನ್ನದೇ ಆದ ಕರ್ನಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳನ್ನು, ರಚಿಸಿ ಲೋಕಕ್ಕೆ ಬಿಟ್ಟನು. ಹಣ ಪಡೆದು ಹಂಚಕೂಡದೆಂಬುದು ಆತನ ಮೊದಲ ಷರತ್ತು. 1992ರಲ್ಲಿ ಅದನ್ನು ಕೈಬಿಟ್ಟು, ರಿಚರ್ಡ್ ಸ್ಟಾಲ್ಮನ್ ರೂಪಿಸಿದ್ದ ಜಿಪಿಎಲ್ ಪರವಾನಗಿಯನ್ನು ಆತ ಅಂಗೀಕರಿಸಿದನು. ಮಾರಬಹುದು, ತಿದ್ದಬಹುದು, ಆದರೆ ತಿದ್ದಿ ಹಂಚಿದವನು ಮೂಲಸಂಕೇತವನ್ನೂ ಕೊಡತಕ್ಕದ್ದು ಎಂಬುದೇ ಅದರ ಸಾರ. ವರ್ತಕರ ಪಾಲಿಗೆ ಲಿನಕ್ಸಿನ ಬಾಗಿಲು ತೆರೆದುದು ಆ ಕ್ಷಣದಲ್ಲಿ.

ತಾಂತ್ರಿಕವಾಗಿ ಆಗ ಹೆಚ್ಚು ಪಕ್ವವಾಗಿದ್ದುದು ಬಿಎಸ್‌ಡಿಯೇ. ಆದರೆ 1992ರಲ್ಲಿ ಅದರ ಮೇಲೆ ಎಟಿ ಅಂಡ್ ಟಿಯ ಅಂಗಸಂಸ್ಥೆಯು ಹೂಡಿದ ಮೊಕದ್ದಮೆಯು 1994ರವರೆಗೆ ಎಳೆಯಿತು. ತೀರ್ಪು ಏನಾದೀತೋ ಎಂಬ ಶಂಕೆಯಿಂದ ಜನ ಅದರಿಂದ ದೂರ ನಿಂತಿದ್ದ ಆ ಅವಧಿಯಲ್ಲೇ ಲಿನಕ್ಸ್ ಬೇರುಬಿಟ್ಟಿತು. ಮೊಕದ್ದಮೆಯು ಇಲ್ಲದಿದ್ದಲ್ಲಿ ಇಂದಿನ ಸರ್ವರುಗಳ ಚರಿತ್ರೆ ಬೇರೆಯದೇ ಆಗುತ್ತಿತ್ತೆಂದು ಹೇಳುವವರುಂಟು, ನಾನೂ ಅವರ ಪಕ್ಷದವನೇ.

ಪುಕ್ಕಟೆ ದೊರೆಯುವುದನ್ನು ವ್ಯಾಪಾರವಾಗಿ ಪರಿವರ್ತಿಸಿದ ಚಾತುರ್ಯವು ರೆಡ್ ಹ್ಯಾಟ್ ಕಂಪನಿಯದು. 2002ರಿಂದ ಅದು ತನ್ನ ಎಂಟರ್‌ಪ್ರೈಸ್ ಲಿನಕ್ಸಿಗೆ ವಾರ್ಷಿಕ ಚಂದಾ ಪದ್ಧತಿಯನ್ನು ಹೂಡಿತು: ಗಿರಾಕಿಯು ಕೊಡುವ ಹಣವು ತಂತ್ರಾಂಶದ ಬೆಲೆಯಲ್ಲ, ವರ್ಷಾನುವರ್ಷದ ಉಪಚಾರದ ಸಂಬಳ. ಜಿಪಿಎಲ್‌ನ ಬಲದಿಂದಲೇ ಆ ಮೂಲಸಂಕೇತವನ್ನು ಮತ್ತೆ ಜೋಡಿಸಿ 2004ರಿಂದ ಸೆಂಟ್‌ಒಎಸ್ ಎಂಬುದನ್ನು ಉಚಿತವಾಗಿ ಹಂಚುವವರೂ ಹುಟ್ಟಿಕೊಂಡರು. ನಮ್ಮ ಬೆಂಗಳೂರಿನಲ್ಲೂ ಆ ದಿನಗಳಲ್ಲಿ ಉತ್ಸಾಹವು ಕಡಮೆಯಿರಲಿಲ್ಲ. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನವು ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 2019ರಲ್ಲಿ ಐಬಿಎಂ 3,400 ಕೋಟಿ ಡಾಲರುಗಳನ್ನು ತೆತ್ತು ರೆಡ್ ಹ್ಯಾಟನ್ನು ಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ ಬಂದ ಪ್ರಕಟಣೆಯೊಂದರ ಪ್ರಕಾರ, 2029ರವರೆಗೆ ಬಾಳುವುದೆಂದು ಜನ ನಂಬಿದ್ದ ಸೆಂಟ್‌ಒಎಸ್ 8ರ ಆಯುಸ್ಸು 2021ಕ್ಕೇ ಮುಗಿಯಿತು. ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್‌ಗಳು ಹುಟ್ಟಿದುದು ಆ ಆಘಾತದಿಂದ.

ಹಾಗಾದರೆ ಇಂದು ವರ್ತಕನು ಯಾವುದನ್ನು ಆರಿಸಬೇಕು? ಲೆಕ್ಕಪತ್ರಕ್ಕೆ ಟ್ಯಾಲಿಯನ್ನು ಆಶ್ರಯಿಸಿದವನಿಗೆ ಪ್ರಶ್ನೆಯು ಬಹುಮಟ್ಟಿಗೆ ಮೊದಲೇ ಇತ್ಯರ್ಥವಾಗಿದೆ. ಬೆಂಗಳೂರಿನಲ್ಲಿ ಹುಟ್ಟಿದ ಆ ತಂತ್ರಾಂಶವು ನಡೆಯುವುದು ವಿಂಡೋಸಿನ ಮೇಲೆ. ಆದರೆ ವಿಂಡೋಸ್ ಸರ್ವರಿನ ಬೆಲೆಯನ್ನು ಪ್ರಾಸೆಸರಿನ ಕೋರುಗಳ ಎಣಿಕೆಯಿಂದ ಕಟ್ಟುತ್ತಾರೆ, ಕನಿಷ್ಠ ಹದಿನಾರು ಕೋರುಗಳಿಗಂತೂ ತೆರಲೇಬೇಕು. ಅದನ್ನು ಬಳಸುವ ಪ್ರತಿಯೊಬ್ಬ ನೌಕರನಿಗೋ ಪ್ರತಿಯೊಂದು ಯಂತ್ರಕ್ಕೋ ಪ್ರವೇಶದ ಪರವಾನಗಿ ಬೇರೆ. ಜಾಲತಾಣವನ್ನೋ ದೊಡ್ಡ ದತ್ತಸಂಚಯವನ್ನೋ ನಡೆಸುವವನಿಗೆ ಲಿನಕ್ಸೇ ಮೇಲು. ಅದನ್ನು ಬಲ್ಲ ಆಳೊಬ್ಬನು ಕೈಯಳತೆಯಲ್ಲಿ ಇಲ್ಲದಿದ್ದರೆ ಮಾತ್ರ ಉಳಿಸಿದ ಹಣವೆಲ್ಲ ಒಂದು ಅಪಘಾತದಲ್ಲಿ ಕರಗಿಹೋದೀತು. ವೇಗದ ವಿಚಾರವಾಗಿ ಸಾಮಾನ್ಯ ವ್ಯಾಪಾರಿಯು ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ಅವನ ಅಗತ್ಯಕ್ಕೆ ಎರಡೂ ಸಾಕಷ್ಟು ವೇಗವಾಗಿವೆ.

ವಾಚಕರಲ್ಲಿ ಸ್ವಂತ ವ್ಯವಹಾರ ಉಳ್ಳವರು, ತಮ್ಮ ಸರ್ವರನ್ನು ನೋಡಿಕೊಳ್ಳುವವನನ್ನು ಕರೆದು, ಅದರಲ್ಲಿರುವುದು ಯಾವ ಆವೃತ್ತಿ, ಅದರ ಉಪಚಾರದ ಅವಧಿ ಎಂದಿಗೆ ಮುಗಿಯುವುದು ಎಂಬೆರಡನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಸೆಂಟ್‌ಒಎಸ್ 7ರ ಅವಧಿಯು 2024ರ ಜೂನ್ 30ಕ್ಕೆ ಮುಗಿದಿದೆ; ವಿಂಡೋಸ್ ಸರ್ವರ್ 2016ರದು 2027ರ ಜನವರಿ 12ಕ್ಕೆ ಮುಗಿಯುವುದೆಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ.