‘ಕೀಲಿ ಯಾರದ್ರೀ?’ ಎಂದು ಕೇಳುವವನೇ ನಂಬಿಗಸ್ತ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಒಂದೇ ಬೀಗಕ್ಕೆ ನಾಲ್ಕು ಹೆಸರು. ನಮ್ಮ ಮನೆಯಲ್ಲಿ ಅದು ಕೀಲಿ, ಎದುರಿನ ಮರಾಠಿ ಮನೆಯಲ್ಲಿ ಕುಲೂಪ, ಪಕ್ಕದ ಪದ್ಮಶಾಲಿಗಳಲ್ಲಿ ತಾಳಂ, ಮೂಲೆಯ ಉರ್ದು ಮನೆಯಲ್ಲಿ ತಾಲಾ. ಫಜೀತಿ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಕೀಲಿ ಎಂದರೆ ಬೀಗ, ಮರಾಠಿಯ ಕಿಲ್ಲಿ ಎಂದರೆ ಬೀಗದ ಕೈ! ‘ಕೀಲಿ ಕೆಟ್ಟೈತಿ’ ಎಂದು ನಾವು ಅಂದರೆ ಕೇಳಿದವರು ಹೊಸ ಕೈ ಮಾಡಲು ಹೊರಡುತ್ತಾರೆ. ಯಾವ ಹೆಸರಿನಿಂದ ಕರೆದರೂ ಸರಿ, ಅದನ್ನು ತೆರೆಯುವವನು ಮಾತ್ರ ನಂಬಿಗಸ್ತನಾಗಿರಬೇಕು. ಈ ಪಾಠ ನನಗೆ ಹತ್ತಿದ್ದು ಒಂದು ಸಂಕ್ರಾಂತಿಯಲ್ಲಿ.

ಸಂಕ್ರಾಂತಿ ಎಂದರೆ ನಮ್ಮೂರಿಗೆ ಸಿದ್ಧರಾಮೇಶ್ವರನ ಜಾತ್ರೆ. ಏಳು ನಂದಿಧ್ವಜಗಳು, ಬಿಳಿ ಬಾರಾಬಂದಿ ತೊಟ್ಟ ಭಕ್ತರು, ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆಗೆ ಸೇರುವ ಜನಸಾಗರ. ಮನೆಗೆ ಕೀಲಿ ಜಡಿದು ಎಲ್ಲರೂ ಹೊರಟಿದ್ದೆವು. ಆ ಗದ್ದಲದಲ್ಲಿ ಜೇಬಿನ ಕೀಲಿಕೈ ಎಲ್ಲಿ ಬಿತ್ತೋ ಸಿದ್ಧರಾಮನಿಗೇ ಗೊತ್ತು.

ಕತ್ತಲಾಗಿತ್ತು. ಮಗಳು ಹಸಿವೆಂದು ಅಳುತ್ತಿದ್ದಳು. ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೇ ಫೋನು ಹಚ್ಚಿದೆ. ಅದು ಯಾವ ಊರಲ್ಲಿ ರಿಂಗಾಯಿತೋ ತಿಳಿಯದು. ‘ಎರಡು ನೂರು ರೂಪಾಯಿ, ಅರ್ಧ ತಾಸು’ ಎಂದರು. ಬೈಕಿನ ಮೇಲೆ ಬಂದ ತರುಣ ನನ್ನ ಹೆಸರು ಕೇಳಲಿಲ್ಲ, ಮನೆ ನನ್ನದೇ ಎಂದು ನೆರೆಯವರನ್ನೂ ವಿಚಾರಿಸಲಿಲ್ಲ. ಕೀಲಿಯ ಕಿಂಡಿಗೆ ನೇರ ಡ್ರಿಲ್ ಹಚ್ಚಿದ. ಐದು ನಿಮಿಷದಲ್ಲಿ ಬಾಗಿಲು ತೆರೆಯಿತು, ಕೀಲಿ ಹಾಳಾಯಿತು. ಚೀಲದಿಂದ ಹೊಸದೊಂದನ್ನು ತೆಗೆದು ಕೂಡಿಸಿ, 1,800 ರೂಪಾಯಿ ಕೇಳಿದ. ಜಾತ್ರೆಯ ದಿನ ಜಗಳ ಬೇಡವೆಂದು ಕೊಟ್ಟೆ.

ರಾತ್ರಿ ಊಟವಾದ ಮೇಲೆ ಖಾಲಿ ಡಬ್ಬಿಯ ಮೇಲಿನ ಅಕ್ಷರ ಓದಿದೆ. ಮೂರು ಕೈ ಎಂದಿತ್ತು. ನನ್ನ ಬಳಿ ಇದ್ದದ್ದು ಎರಡು! ಮರೆತನೋ, ಇಟ್ಟುಕೊಂಡನೋ? ಆ ನಂಬರಿಗೆ ಮತ್ತೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅಂದು ರಾತ್ರಿ ಬಾಗಿಲಿಗೆ ಜೋಳದ ಚೀಲ ಅಡ್ಡ ಇಟ್ಟು ಮಲಗಿದೆವು. ನಿದ್ದೆ ಮಾತ್ರ ಯಾರಿಗೂ ಹತ್ತಲಿಲ್ಲ.

ಚಾಚಾನ ಪೆಟ್ಟಿಗೆ

ಬೆಳಿಗ್ಗೆ ಪಕ್ಕದ ಮನೆಯ ಆಯಿ ಬೈದರು: ‘ಗುರ್ತಿಲ್ಲದವನ ಕೈಯಾಗ ಮನೀನ ಕೊಟ್ಟಿ ನೋಡಪಾ. ಮಧಲಾ ಮಾರುತಿ ಕಡೆ ಚಾಚಾ ಕೂಡ್ತಾನ, ಹೋಗಿ ಕರ್ಕೊಂಡು ಬಾ.’

ಫುಟ್‌ಪಾತಿನ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ, ಬಳೆಯಷ್ಟು ದೊಡ್ಡ ತಂತಿಗೆ ಪೋಣಿಸಿದ ಕೋರಾ ಚಾವಿಗಳು, ನಾಲ್ಕಾರು ಕಾನಸು. ಚಾಚಾ ಅಕ್ಕಲಕೋಟೆ ಕಡೆಯ ಕನ್ನಡದವರು. ನನ್ನ ಕಥೆ ಕೇಳಿ ನಕ್ಕರು. ‘ಹೊಸಾ ಕೀಲಿ ಯಾಕ ಒಗೀತೀರಿ? ಒಳಗಿನ ಪಿನ್ನು ಬದಲಿ ಮಾಡಿದ್ರ ಆತು. ಆ ಮೂರನೇ ಚಾವಿ ಯಾರ ಹಂತೇಕ ಇದ್ರೂ ಮೊಳೀ ತೂಗು ಹಾಕಾಕ ಸೈತ ಬರೂದಿಲ್ಲ.’

ಮನೆಗೆ ಬಂದು ಬಿಚ್ಚಿ ತೋರಿಸಿದರು. ಬಾಗಿಲಿನ ಇಂಥ ಕೀಲಿಯಲ್ಲಿ ಸ್ಪ್ರಿಂಗಿನ ಕೆಳಗೆ ಸಣ್ಣ ಸಣ್ಣ ಪಿನ್ನುಗಳಿರುತ್ತವೆ. ಕೈಯ ಹಲ್ಲುಗಳು ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಮಾತ್ರ ಕೊಳವೆ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ತಂತ್ರವಿದು. ಪಿನ್ನು ಬದಲಿಸಿದರೆ ಹಳೆಯ ಕೈ ಕೆಲಸಕ್ಕೆ ಬಾರದು. ಕಪಾಟಿನ ಕೀಲಿಗಳಲ್ಲಿ ಪಿನ್ನಿನ ಬದಲು ಲಿವರ್ ಎಂಬ ಪಟ್ಟಿಗಳಿರುತ್ತವೆ. ಅದು ಇನ್ನೂ ಹಳೆಯದು, 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಮಾಡಿದ್ದು. ಎರಡಕ್ಕೂ ಹತಾರ ಬೇರೆ, ತಾಳ್ಮೆ ಒಂದೇ.

ಚಾಚಾ ಮೊದಲೇ ಕೂಲಿ ಹೇಳಿದರು, ಕೊನೆಗೂ ಅಷ್ಟನ್ನೇ ತೆಗೆದುಕೊಂಡರು. ಕೈಗಳನ್ನು ನಮ್ಮ ಕಣ್ಣೆದುರೇ ಕಾನಸಿನಿಂದ ತೀಡಿದರು. ಎದ್ದು ಹೋಗುವಾಗ ನನ್ನ ಅಂಗೈಯಲ್ಲಿ ಹಾಕಿದರು: ‘ಚಲೋವು ಮೂರು, ಕೆಟ್ಟದ್ದು ಎರಡು. ಎಣಿಸಿಕೊಳ್ರಿ.’ ಕೆಟ್ಟದ್ದನ್ನೂ ಯಾಕೆ ಕೊಟ್ಟಿರಿ ಎಂದೆ. ‘ಕೆಟ್ಟದ್ದನ್ನ ಇನ್ನೊಂದೀಟು ತೀಡಿದ್ರ ಅದೂ ಚಲೋ ಆಗ್ತೈತ್ರೀ’ ಎಂದರು.

ಆಮೇಲೆ ಆ ಕಡೆ ಹೋದಾಗಲೆಲ್ಲ ಅವರ ಹತ್ತಿರ ಒಂದಿಷ್ಟು ಹೊತ್ತು ಕೂಡುವುದು ರೂಢಿಯಾಯಿತು. ಒಮ್ಮೆ ಒಬ್ಬ ಸಾಬಾಣದ ತುಂಡಿನಲ್ಲಿ ಚಾವಿಯ ಅಚ್ಚು ಒತ್ತಿಕೊಂಡು ಬಂದ. ದುಪ್ಪಟ್ಟು ಕೊಡುತ್ತೇನೆ ಎಂದ. ಚಾಚಾ ತಲೆ ಎತ್ತಲಿಲ್ಲ. ‘ಕೀಲಿ ತಾ, ಇಲ್ಲಾ ಮನೀ ತೋರ್ಸು. ಸಾಬಾಣಕ್ಕ ಚಾವಿ ಮಾಡೂದಿಲ್ಲ.’

ಅವ್ವನ ಕಪಾಟು

ಆ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಅವಳ ಕಬ್ಬಿಣದ ಕಪಾಟಿನ ಕೀಲಿಕೈ ಎಲ್ಲಿಯೂ ಸಿಗಲಿಲ್ಲ. ಚಾಚಾನನ್ನು ಕರೆತಂದೆ. ಅವರು ಪೆಟ್ಟಿಗೆ ಬಿಚ್ಚದೆ ಕೇಳಿದರು: ‘ಈ ಕೀಲಿ ಯಾರದ್ರೀ?’

‘ನಮ್ಮ ಅವ್ವಂದು.’

‘ಅವ್ವಗ ನೀವು ಒಬ್ಬರೇನು?’

ಇಂಡಿಯಲ್ಲಿ ಅಕ್ಕ ಇದ್ದಾಳೆ ಎಂದೆ. ‘ಹಂಗಾದ್ರ ಅಕ್ಕಾರು ಬರ್ಲಿ, ಅವರ ಮುಂದ ತಗೀತೀನಿ’ ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟೇ ಬಿಟ್ಟರು. ನನಗೆ ಸಿಟ್ಟು ಬಂತು. ನನ್ನ ಮನೆ, ನನ್ನ ಅವ್ವ, ಇವರಿಗೇನು? ಆದರೂ ಅಕ್ಕನಿಗೆ ಫೋನು ಮಾಡಿದೆ.

ರವಿವಾರ ಅಕ್ಕ ಬಂದಳು. ಚಾಚಾ ದೀಪದ ಮಸಿ ಹಿಡಿಸಿದ ಕೋರಾ ಚಾವಿಯನ್ನು ಕಿಂಡಿಯಲ್ಲಿ ತೂರಿಸುವುದು, ಗುರುತು ಬಿದ್ದಲ್ಲಿ ತೀಡುವುದು, ಮತ್ತೆ ತೂರಿಸುವುದು. ಮುಕ್ಕಾಲು ತಾಸಿಗೆ ಕೀಲಿ ತಿರುಗಿತು, ಕಪಾಟಿಗೆ ಒಂದು ಗೀರೂ ಬೀಳಲಿಲ್ಲ. ಬಾಗಿಲು ತೆರೆಯುವ ಮುಂಚೆಯೇ ಚಾಚಾ ಹೊರಗಿನ ಕಟ್ಟೆಗೆ ಹೋಗಿ ಕುಳಿತರು. ಒಳಗೆ ಅವ್ವನ ಇಳಕಲ್ಲ ಸೀರೆ, ಎರಡು ಜೊತೆ ಪಾಟಲಿ. ಒಂದೊಂದು ಜೊತೆ ಹಂಚಿಕೊಂಡೆವು. ‘ನೀ ಒಬ್ಬನ ತಗದಿದ್ರೂ ನಾ ಏನೂ ಕೇಳ್ತಿದ್ದಿಲ್ಲ’ ಎಂದಳು ಅಕ್ಕ. ಕೇಳುತ್ತಿರಲಿಲ್ಲ, ಖರೆ. ಆದರೆ ‘ಎಷ್ಟು ಇತ್ತೋ’ ಎಂಬ ಮಾತು ನಮ್ಮಿಬ್ಬರ ನಡುವೆ ಜನ್ಮಪೂರ್ತಿ ಉಳಿಯುತ್ತಿತ್ತು.

ಓಣಿಗಳಲ್ಲಿ ಚಾವಿಗೊಂಚಲು ಝಣಝಣಿಸುತ್ತ ತಿರುಗುವವರನ್ನು ಕಂಡರೆ ನಮ್ಮಲ್ಲಿ ಅನುಮಾನಪಡುವವರು ಬಹಳ. ಕಪಾಟು ರಿಪೇರಿಯ ನೆವದಲ್ಲಿ ಬಂಗಾರ ಎತ್ತಿದ ಸುದ್ದಿ ಆಗಾಗ ಬರುವುದೂ ನಿಜ. ಹಾಗೆಂದು ತಿರುಗುವವರೆಲ್ಲ ಕಳ್ಳರಲ್ಲ, ಅಂಗಡಿ ಹಾಕಿದವರೆಲ್ಲ ಸಾಚಾ ಅಲ್ಲ. ನೋಡಬೇಕಾದ್ದು ನಡತೆ. ಕೀಲಿ ಯಾರದೆಂದು ಕೇಳುತ್ತಾನೆಯೇ? ಕೂಲಿ ಮೊದಲೇ ಹೇಳುತ್ತಾನೆಯೇ? ಒಡೆಯುವ ಮೊದಲು ತೆರೆಯಲು ನೋಡುತ್ತಾನೆಯೇ? ನಿಮ್ಮನ್ನು ನೀರು ತರಲು, ಎಣ್ಣೆ ಕಾಸಲು ಎಂದು ಒಳಗೆ ಅಟ್ಟದೆ ನಿಮ್ಮೆದುರೇ ಕೆಲಸ ಮಾಡುತ್ತಾನೆಯೇ? ಕೈಗಳನ್ನು ಎಣಿಸಿ ಕೊಡುತ್ತಾನೆಯೇ? ನಾಳೆ ಹುಡುಕಿದರೆ ಅದೇ ಜಾಗದಲ್ಲಿ ಸಿಗುತ್ತಾನೆಯೇ?

ಇದನ್ನೆಲ್ಲ ವಿಚಾರಿಸಲು ಕೀಲಿಕೈ ಕಳೆದ ರಾತ್ರಿ ಪುರಸೊತ್ತು ಇರುವುದಿಲ್ಲ. ಇವತ್ತೇ ನಿಮ್ಮ ಓಣಿಯ ಹಿರಿಯರನ್ನು ಕೇಳಿ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಂತೂ ಚಾಚಾನ ನಂಬರು ಕ್ಯಾಲೆಂಡರಿನ ಪಕ್ಕದ ಗೋಡೆಯ ಮೇಲಿದೆ, ಇನ್ನೊಂದು ಕೀಲಿಕೈ ಆಯಿಯ ಮನೆಯಲ್ಲಿದೆ.