ವಿಲೋಮವಿಲ್ಲದ ಮಾತೃಕೆಯ ವಿಲೋಮ

ಮಾತೃಕಾ ಗಣಿತವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ಮೊದಲಲ್ಲಿಯೇ ಒಂದು ನಿಷೇಧವನ್ನು ಬೋಧಿಸಲಾಗುತ್ತದೆ. ಚೌಕ ಮಾತೃಕೆಯ ನಿರ್ಧಾರಕವು ಸೊನ್ನೆಯಾದರೆ ಅದಕ್ಕೆ ವಿಲೋಮವಿಲ್ಲ; ಚೌಕವೇ ಅಲ್ಲದ ಮಾತೃಕೆಗಂತೂ ವಿಲೋಮದ ಮಾತೇ ಇಲ್ಲ. ಈ ನಿಷೇಧವು ಸರಿಯಾದುದೇ. ಆದರೆ ಪಾಠವು ಸಾಧಾರಣವಾಗಿ ಇಲ್ಲಿಗೇ ನಿಲ್ಲುವುದರಿಂದ, ವಿಲೋಮವಿಲ್ಲದೆಡೆಯಲ್ಲಿ ಸಮಸ್ಯೆಗೆ ಪರಿಹಾರವೂ ಇಲ್ಲವೆಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ವಾಸ್ತವದಲ್ಲಿ ಕೃಷಿಪ್ರಯೋಗ, ಭೂಮಾಪನ, ವಿದ್ಯುಜ್ಜಾಲ ಮೊದಲಾದ ವಿಷಯಗಳಲ್ಲಿ ಸಂಶೋಧಕನಿಗೆ ಎದುರಾಗುವ ಮಾತೃಕೆಗಳಲ್ಲಿ ಅನೇಕವು ವಿಲೋಮರಹಿತವಾದವುಗಳೇ. ಇಂಥ ಮಾತೃಕೆಗಳನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುಬಂದ ‘ಸಾಮಾನ್ಯೀಕೃತ ವಿಲೋಮ’ವೆಂಬ ಕಲ್ಪನೆಯನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಮಾತೃಕೆಯ ಗುಣಾಕಾರವನ್ನೂ ಕನಿಷ್ಠವರ್ಗ ವಿಧಾನವನ್ನೂ ಬಲ್ಲ ವಾಚಕರಿಗೆ ಇದರಲ್ಲಿ ಕ್ಲೇಶವೇನೂ ಇರಲಾರದು.

೧. ಒಂದು ಚಿಕ್ಕ ಉದಾಹರಣೆ

ಮೊದಲು ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ರಾಗಿಯ ಎರಡು ತಳಿಗಳನ್ನು ತಲಾ ಎರಡು ಮಡಿಗಳಲ್ಲಿ ಬೆಳೆಯಲಾಗಿದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ತಳಿಯ ಮಡಿಗಳಲ್ಲಿ ೧೦ ಮತ್ತು ೧೨ ಸೇರು, ಎರಡನೆಯದರಲ್ಲಿ ೧೫ ಮತ್ತು ೧೭ ಸೇರು ಇಳುವರಿ ಬಂದಿತೆಂದು ಭಾವಿಸೋಣ. ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಊಹಿಸಿದವು. ಹೊಲದ ಸಾಮಾನ್ಯ ಮಟ್ಟವನ್ನು ಸ ಎಂದೂ, ಮೊದಲನೆಯ ತಳಿಯ ಪ್ರಭಾವವನ್ನು ಕ ಎಂದೂ, ಎರಡನೆಯದರ ಪ್ರಭಾವವನ್ನು ಖ ಎಂದೂ ಕರೆದರೆ, ಒಂದು ಮಡಿಯ ಇಳುವರಿಯು ಆಕಸ್ಮಿಕ ದೋಷವನ್ನು ಬಿಟ್ಟು ಸ + ಕ ಅಥವಾ ಸ + ಖ ಆಗುತ್ತದೆ. ಕನಿಷ್ಠವರ್ಗ ವಿಧಾನವನ್ನು ಅನುಸರಿಸಿದರೆ ಈ ಮೂರು ಸಮೀಕರಣಗಳು ಒದಗುತ್ತವೆ:

೪ಸ + ೨ಕ + ೨ಖ = ೫೪
೨ಸ + ೨ಕ = ೨೨
೨ಸ + ೨ಖ = ೩೨

ಅವ್ಯಕ್ತಗಳು ಮೂರು, ಸಮೀಕರಣಗಳೂ ಮೂರು. ಆದರೆ ಎರಡನೆಯದನ್ನೂ ಮೂರನೆಯದನ್ನೂ ಕೂಡಿದರೆ ಮೊದಲನೆಯದೇ ಬರುತ್ತದೆ. ಆದುದರಿಂದ ಗುಣಕಗಳ ಮಾತೃಕೆಯ ನಿರ್ಧಾರಕವು ಸೊನ್ನೆ; ಅದಕ್ಕೆ ವಿಲೋಮವಿಲ್ಲ. ಹಾಗೆಂದ ಮಾತ್ರಕ್ಕೆ ಪರಿಹಾರವಿಲ್ಲವೆಂದಲ್ಲ, ಪರಿಹಾರಗಳು ಅಸಂಖ್ಯಾತವಾಗಿವೆ. ಸ, ಕ, ಖ ಗಳಿಗೆ ಕ್ರಮವಾಗಿ ೦, ೧೧, ೧೬ ಎಂಬ ಬೆಲೆಗಳು ಸಲ್ಲುತ್ತವೆ. ೧೩.೫, –೨.೫, ೨.೫ ಎಂಬವೂ ಸಲ್ಲುತ್ತವೆ. ೯, ೨, ೭ ಎಂಬವೂ ಸಲ್ಲುತ್ತವೆ. ವಾಚಕರು ಸ್ವತಃ ತಾಳೆನೋಡಬಹುದು.

ಈ ಮೂರು ಪರಿಹಾರಗಳನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರೆ ಒಂದು ಮುಖ್ಯ ಸಂಗತಿ ಗೋಚರಿಸುತ್ತದೆ. ಕ ಎಂಬುದರ ಬೆಲೆ ಒಂದರಲ್ಲಿ ೧೧, ಇನ್ನೊಂದರಲ್ಲಿ –೨.೫, ಮತ್ತೊಂದರಲ್ಲಿ ೨. ಆದರೆ ಖ – ಕ ಎಂಬ ಅಂತರವು ಎಲ್ಲದರಲ್ಲಿಯೂ ೫. ಸ + ಕ ಎಂಬುದು ಎಲ್ಲದರಲ್ಲಿಯೂ ೧೧. ಸ + ಖ ಎಂಬುದು ೧೬. ಎಂದರೆ, ಎರಡನೆಯ ತಳಿಯು ಮೊದಲನೆಯದಕ್ಕಿಂತ ಎಷ್ಟು ಹೆಚ್ಚು ಎಂಬ ಪ್ರಶ್ನೆಗೆ ಈ ಪ್ರಯೋಗವು ಉತ್ತರ ಕೊಡುತ್ತದೆ. ಮೊದಲನೆಯ ತಳಿಯ ಪ್ರಭಾವವು ತನ್ನಷ್ಟಕ್ಕೆ ಎಷ್ಟು ಎಂಬ ಪ್ರಶ್ನೆಗೆ ಕೊಡುವುದಿಲ್ಲ. ಮಡಿಗಳನ್ನು ಸಾವಿರಕ್ಕೆ ಏರಿಸಿದರೂ ಕೊಡಲಾರದು. ಮಾತೃಕೆಗೆ ವಿಲೋಮವಿಲ್ಲದಿರುವುದು ಲೆಕ್ಕದ ದೋಷವಲ್ಲ. ನಾವು ಕೇಳುತ್ತಿರುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರವಿಲ್ಲವೆಂಬುದನ್ನು ಅದು ಸೂಚಿಸುತ್ತದೆ.

೨. ಮೂರ್ ಮತ್ತು ಪೆನ್‌ರೋಸ್

ಇಂಥ ಮಾತೃಕೆಗೂ ವಿಲೋಮದಂತೆ ವರ್ತಿಸುವ ಒಂದು ಮಾತೃಕೆಯನ್ನು ನಿರೂಪಿಸಬಹುದೆಂಬುದನ್ನು ಮೊದಲು ತೋರಿಸಿದವರು ಷಿಕಾಗೊ ವಿಶ್ವವಿದ್ಯಾನಿಲಯದ ಈ. ಎಚ್. ಮೂರ್ ಅವರು. ೧೯೨೦ರಲ್ಲಿ ಅಮೆರಿಕದ ಗಣಿತ ಸಂಘದ ಪತ್ರಿಕೆಯಲ್ಲಿ ಇದರ ಸಾರಾಂಶವು ಪ್ರಕಟವಾಯಿತು. ವಿಸ್ತೃತ ನಿರೂಪಣೆಯು ಬೆಳಕಿಗೆ ಬಂದದ್ದು ೧೯೩೫ರಲ್ಲಿ, ಮೂರ್ ಅವರು ತೀರಿಕೊಂಡು ಮೂರು ವರ್ಷಗಳಾದ ಮೇಲೆ. ಅವರು ಬಳಸಿದ ಸಂಕೇತಪದ್ಧತಿಯು ಅವರದೇ ಆದದ್ದು, ಬಲು ಕ್ಲಿಷ್ಟವಾದದ್ದು. ಈ ಕಾರಣದಿಂದ ಅವರ ಸಂಶೋಧನೆಯು ಬಹುಕಾಲ ಓದುಗರ ಕಣ್ಣಿಗೆ ಬೀಳದೆ ಉಳಿಯಿತು. ಶೋಧಿಸುವುದರಷ್ಟೇ ತಿಳಿಯುವಂತೆ ಬರೆಯುವುದೂ ಸಂಶೋಧಕನ ಹೊಣೆ ಎಂಬುದಕ್ಕೆ ಇದು ತಕ್ಕ ನಿದರ್ಶನ.

೧೯೫೧ರಲ್ಲಿ ಸ್ವೀಡನ್ನಿನ ಭೂಮಾಪನ ಶಾಸ್ತ್ರಜ್ಞ ಆರ್ನೆ ಬ್ಯೆರ್‌ಹಮ್ಮರ್ ಅವರು ತಮ್ಮ ಶಾಸ್ತ್ರದ ಅಗತ್ಯಕ್ಕಾಗಿ ಇದೇ ಕಲ್ಪನೆಯನ್ನು ಸ್ವತಂತ್ರವಾಗಿ ಕಂಡುಕೊಂಡರು. ಭೂಮಾಪನದಲ್ಲಿಯೂ ಸ್ಥಿತಿ ರಾಗಿಯ ಹೊಲದ್ದೇ. ಮಟ್ಟದ ಯಂತ್ರವನ್ನಿಟ್ಟು ಅಳೆಯುವುದು ಎರಡು ಸ್ಥಳಗಳ ಎತ್ತರಗಳ ಅಂತರವನ್ನು. ಯಾವುದಾದರೊಂದು ಸ್ಥಳದ ಎತ್ತರವನ್ನು ಮೊದಲೇ ಒಪ್ಪಿಕೊಳ್ಳದೆ ಉಳಿದವುಗಳ ಎತ್ತರವನ್ನು ಹೇಳುವುದು ಶಕ್ಯವಿಲ್ಲ. ಅನಂತರ ೧೯೫೫ರಲ್ಲಿ, ಆಗಿನ್ನೂ ಕೇಂಬ್ರಿಜ್ಜಿನಲ್ಲಿ ವಿದ್ಯಾರ್ಥಿಯಾಗಿದ್ದ ರೋಜರ್ ಪೆನ್‌ರೋಸ್ ಅವರು ಇಡೀ ವಿಷಯವನ್ನು ನಾಲ್ಕು ಸಮೀಕರಣಗಳಲ್ಲಿ ಅಡಕಗೊಳಿಸಿದರು. ೨೦೨೦ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು ಇವರೇ. ಕೊಟ್ಟ ಮಾತೃಕೆಯನ್ನು ಅ ಎಂದೂ, ಬೇಕಾದ ಮಾತೃಕೆಯನ್ನು ಗ ಎಂದೂ ಬರೆದರೆ, ಧಾತುಗಳು ವಾಸ್ತವ ಸಂಖ್ಯೆಗಳಾದಾಗ ಆ ನಿಯಮಗಳು ಇವು:

ಮೊದಲನೆಯದು: ಅ·ಗ·ಅ = ಅ
ಎರಡನೆಯದು: ಗ·ಅ·ಗ = ಗ
ಮೂರನೆಯದು: ಅ·ಗ ಎಂಬ ಗುಣಲಬ್ಧವು ಸಮಮಿತವಾಗಿರತಕ್ಕದ್ದು
ನಾಲ್ಕನೆಯದು: ಗ·ಅ ಎಂಬ ಗುಣಲಬ್ಧವೂ ಸಮಮಿತವಾಗಿರತಕ್ಕದ್ದು

ಸಮಮಿತವೆಂದರೆ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ಬದಲಿಸಿದರೂ ಮೊದಲಿನಂತೆಯೇ ಉಳಿಯುವ ಮಾತೃಕೆ. ಪ್ರತಿಯೊಂದು ಮಾತೃಕೆಗೂ ಈ ನಾಲ್ಕನ್ನೂ ಪೂರೈಸುವ ಗ ಒಂದು ಉಂಟು, ಮತ್ತು ಒಂದೇ ಉಂಟು ಎಂಬುದು ಪೆನ್‌ರೋಸ್ ಅವರ ಪ್ರಮೇಯ. ಅ ಗೆ ಸಾಮಾನ್ಯ ವಿಲೋಮವಿದ್ದರೆ ಗ ಎಂಬುದು ಅದೇ ಆಗುತ್ತದೆ. ಇದೂ ಮೂರ್ ಅವರದೂ ಒಂದೇ ಎಂಬುದನ್ನು ೧೯೫೬ರಲ್ಲಿ ರಿಚರ್ಡ್ ರಾಡೊ ತೋರಿಸಿದರು. ಹೀಗಾಗಿ ಇದಕ್ಕೆ ಮೂರ್-ಪೆನ್‌ರೋಸ್ ವಿಲೋಮವೆಂಬ ಹೆಸರು ನಿಂತಿತು. ಮೇಲಿನ ಮೂರು ಪರಿಹಾರಗಳಲ್ಲಿ ೯, ೨, ೭ ಎಂಬುದು ಈ ವಿಲೋಮದಿಂದ ಬರತಕ್ಕದ್ದು. ಸಮಸ್ತ ಪರಿಹಾರಗಳಲ್ಲಿಯೂ ವರ್ಗಗಳ ಮೊತ್ತವು ಕನಿಷ್ಠವಾಗಿರುವುದು ಇದರದೇ. ಆ ಮೊತ್ತ ೧೩೪.

೩. ರಾವ್ ಅವರ ದಾರಿ

ಮೂರ್ ಅವರ ಸಾರಾಂಶವು ಅಚ್ಚಾದ ೧೯೨೦ರಲ್ಲಿಯೇ, ಸೆಪ್ಟೆಂಬರ್ ೧೦ರಂದು, ಹಡಗಲಿಯಲ್ಲಿ ಕಲ್ಯಂಪೂಡಿ ರಾಧಾಕೃಷ್ಣ ರಾವ್ ಅವರು ತೆಲುಗು ಮನೆಮಾತಿನ ಕುಟುಂಬವೊಂದರಲ್ಲಿ ಜನಿಸಿದರು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಆ ಹೂವಿನಹಡಗಲಿ ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ರಾವ್ ಅವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದಾಗ, ೧೯೫೪ರಲ್ಲಿ, ಜಪಾನಿನಲ್ಲಿ ಸಂಗ್ರಹಿಸಿದ ಕೆಲವು ಅಂಕಿಅಂಶಗಳು ಅವರ ಕೈಸೇರಿದವು. ಹಿರೋಷಿಮಾ, ನಾಗಸಾಕಿಗಳಲ್ಲಿ ಅಣುಬಾಂಬಿಗೆ ಸಿಕ್ಕಿದವರ ಮೇಲೆ ವಿಕಿರಣವು ಬೀರಿದ ದೀರ್ಘಕಾಲದ ಪರಿಣಾಮವನ್ನು ತಿಳಿಯುವುದು ಆ ಸಂಗ್ರಹದ ಉದ್ದೇಶ.

ಹೊಲದಲ್ಲಿ ಪ್ರಯೋಗ ನಡೆಸುವವನು ಪ್ರತಿ ತಳಿಗೂ ಸಮಸಂಖ್ಯೆಯ ಮಡಿಗಳನ್ನು ಹಂಚಬಲ್ಲ. ಆಗ ಸಮೀಕರಣಗಳು ಅಚ್ಚುಕಟ್ಟಾಗಿ ಬರುತ್ತವೆ. ಯಾವುದಾದರೊಂದು ಉಪಾಯದಿಂದ ಬಿಡಿಸಿಕೊಳ್ಳಬಹುದು. ಬಾಂಬು ಬಿದ್ದ ಊರಿನಲ್ಲಿ ಅಂಥ ಹಂಚಿಕೆ ಸಾಧ್ಯವಿಲ್ಲ. ಜನರನ್ನು ಹಲವು ಬಗೆಯಲ್ಲಿ ವರ್ಗೀಕರಿಸಿದಾಗ ಒಂದು ವರ್ಗದಲ್ಲಿ ಬಹಳ ಮಂದಿ, ಇನ್ನೊಂದರಲ್ಲಿ ಕೆಲವರು ದೊರೆಯುತ್ತಾರೆ. ಇಂಥ ಅಸಮ ಸಂಖ್ಯೆಗಳ ಲೆಕ್ಕದಲ್ಲಿ ವಿಲೋಮರಹಿತ ಮಾತೃಕೆ ಎದುರಾದಾಗ, ಎಲ್ಲ ಸಂದರ್ಭಕ್ಕೂ ಒಗ್ಗುವ ಒಂದು ಸಾಧನ ಬೇಕಾಗುತ್ತದೆ. ಈ ಪ್ರಯತ್ನದ ಫಲವಾಗಿ ರಾವ್ ಅವರ ಲೇಖನವು ೧೯೫೫ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೆನ್‌ರೋಸ್ ಅವರ ಲೇಖನವೂ ಅದೇ ವರ್ಷದ್ದು. ಒಬ್ಬರು ಶುದ್ಧ ಬೀಜಗಣಿತದ ಮಾರ್ಗದಿಂದಲೂ ಇನ್ನೊಬ್ಬರು ಅಂಕಿಅಂಶಗಳ ಮಾರ್ಗದಿಂದಲೂ ಒಂದೇ ಕಾಲಕ್ಕೆ ಒಂದೇ ವಿಷಯವನ್ನು ತಲುಪಿದರು.

ಆದರೆ ರಾವ್ ಅವರ ವಿಲೋಮವು ನಾಲ್ಕು ನಿಯಮಗಳನ್ನೂ ಪೂರೈಸುತ್ತಿರಲಿಲ್ಲ. ಸಮೀಕರಣಗಳನ್ನು ಬಿಡಿಸುವುದಕ್ಕೂ ಅಂದಾಜುಗಳ ಪ್ರಮಾಣದೋಷವನ್ನು ಕಾಣುವುದಕ್ಕೂ ಅಷ್ಟೊಂದು ಕಟ್ಟುಪಾಡು ಅನಾವಶ್ಯಕವೆಂಬುದೇ ಇದರಿಂದ ತಿಳಿದುಬಂದ ಹೊಸ ವಿಚಾರ. ೧೯೬೨ರ ಲೇಖನದಲ್ಲಿ ರಾವ್ ಅವರು ಇದನ್ನು ಸ್ಪಷ್ಟಪಡಿಸಿದರು: ಮೊದಲನೆಯ ನಿಯಮವೊಂದೇ, ಅ·ಗ·ಅ = ಅ ಎಂಬುದೊಂದೇ ಸಾಕು. ಸುಜಿತ್ ಕುಮಾರ್ ಮಿತ್ರ ಅವರೊಡನೆ ಸೇರಿ ಬರೆದ ೧೯೭೧ರ ಗ್ರಂಥದಲ್ಲಿ ಈ ಸಿದ್ಧಾಂತದ ಪೂರ್ಣ ವಿಸ್ತಾರವನ್ನು ಕಾಣಬಹುದು. ರಾವ್ ಅವರು ೨೦೨೩ರ ಆಗಸ್ಟ್ ತಿಂಗಳಿನಲ್ಲಿ, ತಮ್ಮ ೧೦೨ನೆಯ ವಯಸ್ಸಿನಲ್ಲಿ, ಕಾಲವಾದರು.

೪. ಪ್ರಶ್ನೆಯ ಪರೀಕ್ಷೆ

ಒಂದೇ ನಿಯಮವನ್ನು ಇಟ್ಟುಕೊಂಡರೆ ಗ ಏಕೈಕವಾಗಿ ಉಳಿಯುವುದಿಲ್ಲ. ಒಂದು ಮಾತೃಕೆಗೆ ಅನೇಕ ಸಾಮಾನ್ಯೀಕೃತ ವಿಲೋಮಗಳಿರುತ್ತವೆ. ಇದು ಕೊರತೆಯಂತೆ ಕಂಡರೂ ವಾಸ್ತವವಾಗಿ ಅನುಕೂಲವೇ. ನಮ್ಮ ಉದಾಹರಣೆಯಲ್ಲಿ ಕರ್ಣದ ಮೇಲೆ ೦, ೧/೨, ೧/೨ ಎಂಬ ಧಾತುಗಳನ್ನೂ ಉಳಿದೆಡೆ ಸೊನ್ನೆಗಳನ್ನೂ ಇಟ್ಟ ಮಾತೃಕೆಯೇ ಒಂದು ಗ ಆಗುತ್ತದೆ. ಇದರಿಂದ ೫೪, ೨೨, ೩೨ ಎಂಬ ಕಂಬಸಾಲನ್ನು ಗುಣಿಸಿದರೆ ೦, ೧೧, ೧೬ ಎಂಬ ಪರಿಹಾರವು ಬಾಯಿಲೆಕ್ಕದಲ್ಲಿಯೇ ದೊರೆಯುತ್ತದೆ.

ಇನ್ನು ಯಾವ ಪ್ರಶ್ನೆಗೆ ಉತ್ತರವುಂಟು, ಯಾವುದಕ್ಕೆ ಇಲ್ಲ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಪ್ರಶ್ನೆಯನ್ನು ಪ ಎಂಬ ಅಡ್ಡಸಾಲಾಗಿ ಬರೆಯೋಣ. ಪ·ಗ·ಅ = ಪ ಆದರೆ ಪ್ರಶ್ನೆಗೆ ನಿಶ್ಚಿತ ಉತ್ತರವುಂಟು; ಇಲ್ಲವಾದರೆ ಇಲ್ಲ. ಮೇಲಿನ ಗ ವನ್ನು ಬಳಸಿದಾಗ ಗ·ಅ ಎಂಬುದರ ಅಡ್ಡಸಾಲುಗಳು ಕ್ರಮವಾಗಿ (೦, ೦, ೦), (೧, ೧, ೦), (೧, ೦, ೧). ಖ – ಕ ಎಂಬ ಪ್ರಶ್ನೆಯ ಅಡ್ಡಸಾಲು (೦, –೧, ೧). ಗುಣಿಸಿದಾಗ ಅದು ಹಾಗೆಯೇ ಮರಳಿ ಬರುತ್ತದೆ. ಕ ಒಂದನ್ನೇ ಕೇಳುವ (೦, ೧, ೦) ಎಂಬುದು (೧, ೧, ೦) ಆಗಿ ಬದಲಾಗುತ್ತದೆ. ಎಂದರೆ, ಕ ವನ್ನು ಕೇಳಿದವನಿಗೆ ಸ + ಕ ದ ಬೆಲೆಯು ದೊರೆಯುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಶ್ನೆಗೆ ಯಾವ ಗ ವನ್ನು ಬಳಸಿದರೂ ಉತ್ತರ ಒಂದೇ, ಪ್ರಮಾಣದೋಷವೂ ಒಂದೇ.

ಈ ತತ್ತ್ವವು ಬೇರೊಂದು ಕ್ಷೇತ್ರದಲ್ಲಿಯೂ ಕಾಣಿಸುತ್ತದೆ. ರೋಧಕಗಳಿಂದ ಹೆಣೆದ ವಿದ್ಯುಜ್ಜಾಲವೊಂದರ ಸಂಧಿಸ್ಥಾನಗಳಿಗೆ ಒಂದು ಮಾತೃಕೆಯನ್ನು ರಚಿಸಿದರೆ, ಅದರ ಪ್ರತಿ ಅಡ್ಡಸಾಲಿನ ಮೊತ್ತವೂ ಸೊನ್ನೆಯಾಗುವುದರಿಂದ ಅದಕ್ಕೆ ವಿಲೋಮವಿಲ್ಲ. ಕಾರಣ ಭೌತಿಕವಾದುದು: ವಿದ್ಯುದ್ವಿಭವದಲ್ಲಿ ಅಂತರಕ್ಕೆ ಮಾತ್ರ ಅರ್ಥವುಂಟು. ಆದರೂ ಎರಡು ಸಂಧಿಗಳ ನಡುವಣ ಒಟ್ಟು ರೋಧವನ್ನು ಗ ದಿಂದ ಕಾಣಬಹುದು. ಗ ಸಮಮಿತವಾಗಿದ್ದರೆ, ಆ ಎರಡು ಸಂಧಿಗಳ ಕರ್ಣಧಾತುಗಳನ್ನು ಕೂಡಿ, ಅವೆರಡೂ ಸಂಧಿಸುವ ಧಾತುವಿನ ಇಮ್ಮಡಿಯನ್ನು ಕಳೆದರಾಯಿತು. ಏಕಮಾನದ ಒಂದೇ ರೋಧಕವಿರುವಲ್ಲಿ ಮಾತೃಕೆಯ ಸಾಲುಗಳು (೧, –೧), (–೧, ೧). ಇದರ ಮೂರ್-ಪೆನ್‌ರೋಸ್ ವಿಲೋಮವು ಇದರ ಕಾಲುಭಾಗ; ಅದರಿಂದ ೧/೪ + ೧/೪ + ೧/೨ = ೧ ಬರುತ್ತದೆ. ಸಾಲುಗಳು (೧, ೦), (೦, ೦) ಆಗಿರುವ ಇನ್ನೊಂದು ಗ ವನ್ನು ಬಳಸಿದರೂ ಬರುವುದು ೧. ಕ್ಲೈನ್ ಮತ್ತು ರ್‍ಯಾಂಡಿಚ್ ಎಂಬವರು ೧೯೯೩ರಲ್ಲಿ ಈ ರೋಧವನ್ನೇ ಒಂದು ಬಗೆಯ ದೂರವೆಂದು ಗ್ರಹಿಸಿ ಅಣುರಚನೆಗಳ ಅಧ್ಯಯನಕ್ಕೆ ಅನ್ವಯಿಸಿದರು. ಜಾಲಗಳ ಮಾತೃಕೆಗಳನ್ನು ಕುರಿತ ಸಂಶೋಧನೆಯು ಅಲ್ಲಿಂದೀಚೆಗೆ ಸಮೃದ್ಧವಾಗಿ ಬೆಳೆದಿದೆ.

೫. ಎರಡು ಎಚ್ಚರಿಕೆಗಳು

ಇಂದು ಗಣಕಯಂತ್ರಕ್ಕೆ ಒಂದು ಆಜ್ಞೆಯನ್ನು ಕೊಟ್ಟರೆ ಮೂರ್-ಪೆನ್‌ರೋಸ್ ವಿಲೋಮವು ಕ್ಷಣಾರ್ಧದಲ್ಲಿ ದೊರೆಯುತ್ತದೆ. ಈ ಸೌಲಭ್ಯದ ಜೊತೆಗೆ ಎರಡು ಅಪಾಯಗಳೂ ಇವೆ.

ಮೊದಲನೆಯದು ಅರ್ಥಕ್ಕೆ ಸಂಬಂಧಿಸಿದುದು. ಯಂತ್ರವು ೯, ೨, ೭ ಎಂದು ಮುದ್ರಿಸಿದಾಗ, ಮೊದಲ ತಳಿಯ ಪ್ರಭಾವ ೨ ಸೇರು ಎಂದು ಬರೆದುಬಿಡುವ ವಿದ್ಯಾರ್ಥಿ ರಾಗಿಯ ವಿಷಯವಾಗಿ ಏನನ್ನೂ ಹೇಳಿದಂತಾಗಲಿಲ್ಲ. ವರ್ಗಗಳ ಮೊತ್ತ ಕನಿಷ್ಠವಾಗಿರಲಿ ಎಂಬ ಕಟ್ಟಳೆಯು ಹೊಲದಿಂದ ಬಂದುದಲ್ಲ, ಲೆಕ್ಕಮಾಡುವವರು ಹಾಕಿಕೊಂಡದ್ದು. ಇನ್ನೊಂದು ಕಟ್ಟಳೆಯನ್ನು ಅನುಸರಿಸುವ ಯಂತ್ರವು –೨.೫ ಎಂದೀತು. ಒಂದೇ ಹೊಲದ ಒಂದೇ ತಳಿಯನ್ನು ಒಬ್ಬರು ಲಾಭವೆಂದೂ ಇನ್ನೊಬ್ಬರು ನಷ್ಟವೆಂದೂ ವರದಿಮಾಡುವ ಪ್ರಸಂಗ ಹೀಗೆ ಹುಟ್ಟುತ್ತದೆ. ವಿಷಯವು ರಾಗಿಯದಾಗಿರದೆ ವಿಕಿರಣದ್ದೋ ಔಷಧದ್ದೋ ಆಗಿದ್ದರೆ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯದು ಲೆಕ್ಕದ ನಿಖರತೆಗೆ ಸಂಬಂಧಿಸಿದುದು. ಕರ್ಣದ ಮೇಲೆ ೧ ಮತ್ತು ೦ ಇರುವ ಕರ್ಣ ಮಾತೃಕೆಯ ಮೂರ್-ಪೆನ್‌ರೋಸ್ ವಿಲೋಮವು ಅದೇ ಮಾತೃಕೆ. ಆ ಸೊನ್ನೆಯ ಸ್ಥಾನದಲ್ಲಿ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಅಳತೆಯ ದೋಷ ನುಸುಳಿದರೆ, ವಿಲೋಮದಲ್ಲಿ ಸೊನ್ನೆಗೆ ಬದಲಾಗಿ ಹತ್ತು ಲಕ್ಷವೇ ಬಂದು ಕೂರುತ್ತದೆ. ದೋಷವು ಕಿರಿದಾದಷ್ಟೂ ಅನರ್ಥವು ಹಿರಿದು. ೧೯೬೫ರಲ್ಲಿ ಗೋಲಬ್ ಮತ್ತು ಕಹಾನ್ ಅವರು ಸೂಚಿಸಿದ ಲೆಕ್ಕದ ವಿಧಾನವು ಮಾತೃಕೆಯನ್ನು ಇಂಥ ಸರಳ ಕರ್ಣರೂಪಕ್ಕೆ ತಂದು, ಯಾವ ಧಾತುವು ಎಷ್ಟು ಚಿಕ್ಕದೆಂಬುದನ್ನು ಬಯಲುಮಾಡುತ್ತದೆ. ಆದರೆ ಎಷ್ಟು ಚಿಕ್ಕದನ್ನು ಸೊನ್ನೆಯೆಂದು ಎಣಿಸಬೇಕೆಂಬ ನಿರ್ಣಯಕ್ಕೆ ಅಳತೆಯ ನಿಖರತೆಯೇ ಆಧಾರ. ಅದನ್ನು ಬಲ್ಲವನು ಯಂತ್ರವಲ್ಲ, ಅಂಕಿಗಳನ್ನು ಸಂಗ್ರಹಿಸಿದವನು.

ಕಾಲೇಜಿನ ಅಧ್ಯಾಪಕರಲ್ಲಿ ನಮ್ಮದೊಂದು ವಿಜ್ಞಾಪನೆ. ನಿರ್ಧಾರಕವು ಸೊನ್ನೆಯಾದಾಗ ‘ವಿಲೋಮವಿಲ್ಲ’ ಎಂದು ಬರೆಸಿ ಪಾಠವನ್ನು ಮುಗಿಸಬಾರದು. ಯಾವ ಸಾಲು ಯಾವುದರ ಮೊತ್ತ, ಅದರಿಂದ ಯಾವ ಪ್ರಶ್ನೆಯು ಉತ್ತರವನ್ನು ಕಳೆದುಕೊಂಡಿತು, ಯಾವುದು ಉಳಿಸಿಕೊಂಡಿತು ಎಂಬುದನ್ನು ವಿದ್ಯಾರ್ಥಿಯಿಂದಲೇ ಹುಡುಕಿಸಬೇಕು. ಮೇಲೆ ಕೊಟ್ಟ ಮೂರು ಸಮೀಕರಣಗಳು ಇದಕ್ಕೆ ಸಾಕು. ಕರಿಹಲಗೆಯ ಮೇಲೆ ಅರ್ಧ ಗಂಟೆಯ ಕೆಲಸ. ಮುಂದೆ ದೊಡ್ಡ ಅಂಕಿಅಂಶಗಳನ್ನು ಯಂತ್ರಕ್ಕೆ ಒಪ್ಪಿಸುವ ಸಂದರ್ಭ ಬಂದಾಗ, ಈ ಅಭ್ಯಾಸವಿದ್ದ ವಿದ್ಯಾರ್ಥಿ ಉತ್ತರವನ್ನು ನಂಬುವ ಮೊದಲು ಪ್ರಶ್ನೆಯನ್ನು ಪರೀಕ್ಷಿಸುವನೆಂದು ನಂಬಿದ್ದೇವೆ.