ಪರರ ಕಡಲಕಾಳಗ, ಪುಣೆಯ ಖರ್ಚು

1778ರ ಫೆಬ್ರುವರಿ 6ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್ ದೇಶವೂ ಅಮೆರಿಕದ ಬಂಡಾಯಗಾರರೂ ಇಂಗ್ಲೆಂಡಿನ ವಿರುದ್ಧ ಕೈಜೋಡಿಸಿದರು. ಇಂಗ್ಲೆಂಡು ಮತ್ತು ಫ್ರಾನ್ಸ್ ನಡುವಿನ ಆ ಜಗಳದ ಖರ್ಚಿನಲ್ಲಿ ಒಂದು ಪಾಲು ಪುಣೆಯ ದರ್ಬಾರಿನ ಲೆಕ್ಕಕ್ಕೂ ಬಿತ್ತು. ಗಾದಿಯ ಮೇಲಿದ್ದ ಪೇಶ್ವೆ ಸವಾಯಿ ಮಾಧವರಾಯನಿಗೆ ಆಗಿನ್ನೂ 4 ವರ್ಷ ತುಂಬಿರಲಿಲ್ಲ. ಹುಟ್ಟಿದ 40ನೇ ದಿನಕ್ಕೇ ಪೇಶ್ವೆಯಾದ ಕೂಸು ಅದು. ಆಡಳಿತ ನಡೆಸುತ್ತಿದ್ದವರು ನಾನಾ ಫಡ್ನವೀಸ್ ಮತ್ತು ಸರದಾರರ ಬಾರಭಾಯಿ ಮಂಡಳಿಯವರು. ಕೂಸಿನ ಚಿಕ್ಕಜ್ಜ ರಘುನಾಥರಾವ್ ಇಂಗ್ಲಿಷರ ಆಶ್ರಯದಲ್ಲಿ ಕುಳಿತು ತನಗೇ ಗಾದಿ ಬೇಕು ಎನ್ನುತ್ತಿದ್ದ.

ಅವನು 1775ರ ಮಾರ್ಚ್ 6ರಂದು ಮುಂಬಯಿಯ ಇಂಗ್ಲಿಷರೊಡನೆ ಸೂರತ್‌ನಲ್ಲಿ ಮಾಡಿಕೊಂಡ ಕರಾರಿನಿಂದಲೇ ಲೆಕ್ಕ ಶುರುಮಾಡಬಹುದು. 2,500 ಸೈನಿಕರಿಗೆ ತಿಂಗಳಿಗೆ 1.5 ಲಕ್ಷ ರೂಪಾಯಿ, ಅಂದರೆ ತಲೆಗೆ 60 ರೂಪಾಯಿ. ಅದರ ಮೇಲೆ ಸಾಷ್ಟಿ ದ್ವೀಪ ಮತ್ತು ವಸಈ. ಸಾಷ್ಟಿಯ ಠಾಣೆ ಕೋಟೆಯನ್ನು ಇಂಗ್ಲಿಷರು 1774ರ ಡಿಸೆಂಬರ್ ಕೊನೆಯಲ್ಲೇ ನುಂಗಿಯಾಗಿತ್ತು. ಪೋರ್ಚುಗೀಸರ ಹಡಗುಪಡೆ ಬರುತ್ತಿದೆ, ಅವರಿಗಿಂತ ಮೊದಲು ನಾವು ಹಿಡಿಯಬೇಕು ಎಂಬುದು ಅವರು ಕೊಟ್ಟ ನೆಪ. ಯುರೋಪಿನ ಒಬ್ಬನ ಹಡಗಿಗೆ ಹೆದರಿ ಇನ್ನೊಬ್ಬ ಮರಾಠರ ದ್ವೀಪ ಹಿಡಿದ.

ಕೊಲ್ಕತ್ತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಮೇಲಧಿಕಾರಿಗಳು ಈ ಕರಾರನ್ನು ತಳ್ಳಿಹಾಕಿದರು. 1776ರ ಮಾರ್ಚ್ 1ರಂದು ಪುರಂದರದಲ್ಲಿ ಪುಣೆಯ ಜೊತೆಗೇ ಹೊಸ ಒಪ್ಪಂದವಾಯಿತು. ಇಂಗ್ಲಿಷರ ಯುದ್ಧವೆಚ್ಚಕ್ಕೆಂದು ಪುಣೆ 12 ಲಕ್ಷ ಕೊಡಲು ಒಪ್ಪಿತು. ರಘುನಾಥರಾವ್‌ಗೆ ತಿಂಗಳಿಗೆ ಸುಮಾರು 25 ಸಾವಿರ. ಸಾಷ್ಟಿ ಮಾತ್ರ ಹಿಂದಿರುಗಲಿಲ್ಲ. ತಾನು ಹೂಡದ ಯುದ್ಧಕ್ಕೆ ತಾನೇ ದುಡ್ಡು ಕೊಟ್ಟು ಪುಣೆ ಶಾಂತಿ ಕೊಂಡುಕೊಂಡಿತು.

ಮರುವರ್ಷ ಸೇಂಟ್ ಲೂಬಿನ್ ಎಂಬ ಫ್ರೆಂಚ್ ಗೃಹಸ್ಥ ಬಂದಿಳಿದ. ನಂಬಿಕೆಗೆ ಅಷ್ಟೇನೂ ಅರ್ಹನಲ್ಲದ ಸಾಹಸಿ. ಪುಣೆಗೆ ಅವನು ಬಂದದ್ದು 1777ರ ಮೇ ತಿಂಗಳಲ್ಲಿ, ಹೊರಟದ್ದು 1778ರ ಜುಲೈ ಹೊತ್ತಿಗೆ. ಅವನು ಮುಂದಿಟ್ಟ ಮಾಲಿನ ಪಟ್ಟಿ ಹೀಗಿತ್ತು: 2,500 ಯುರೋಪಿಯನ್ ಸೈನಿಕರು, ಕವಾಯತು ಕಲಿಸಿದ 10,000 ಸಿಪಾಯಿಗಳು, ಬೇಕಾದಷ್ಟು ಮದ್ದುಗುಂಡು. ಬದಲಿಗೆ ಚೌಲ್ ಬಂದರು. ರಘುನಾಥರಾವ್‌ಗೆ ಮುಂಬಯಿಯವರು ಮಾರಿದ್ದೂ ಅದೇ 2,500. ಇಬ್ಬರು ಅಂಗಡಿಯವರೂ ಒಂದೇ ಅಳತೆಯ ಸರಕು ತೂಗುತ್ತಿದ್ದರು. ನಾನಾ ಅವನನ್ನು ಗೌರವದಿಂದ ಕಂಡ, ಮಾತಾಡಿಸಿದ, ಕೊನೆಗೆ ಕಳಿಸಿಬಿಟ್ಟ. ಬಂದರನ್ನೂ ಕೊಡಲಿಲ್ಲ, ಸೈನ್ಯವನ್ನೂ ತರಿಸಲಿಲ್ಲ. ಇದನ್ನು ಶುದ್ಧ ತಾಟಸ್ಥ್ಯ ಎಂದರೆ ನಾನಾನೇ ನಕ್ಕಾನು. ಫ್ರೆಂಚರನ್ನು ತೋರಿಸಿ ಇಂಗ್ಲಿಷರನ್ನು ದೂರವಿಡುವ ಲೆಕ್ಕ ಅವನದು. ಆದರೆ ಕಂಪನಿಗೆ ಆ ಅತಿಥಿಸತ್ಕಾರವೇ ಯುದ್ಧಕ್ಕೆ ಸಾಕಾದ ಕಾರಣವಾಯಿತು.

ಆ ಯುದ್ಧದ ಅಂಕಿಗಳು ಇಂದಿಗೂ ಓದಲು ಮಜವಾಗಿವೆ. 1778ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟ ದಂಡಿನಲ್ಲಿ ಸುಮಾರು 3,900 ಜನ, 19,000 ಎತ್ತು. ಒಬ್ಬೊಬ್ಬನಿಗೆ ಐದೈದು ಎತ್ತು ಅನ್ನಿ. ಘಟ್ಟ ಹತ್ತಿ ಖಂಡಾಳ ಮುಟ್ಟಿದ ಮೇಲೆ ಕಾರ್ಲಾದವರೆಗಿನ 8 ಮೈಲಿಗೆ ಹಿಡಿದದ್ದು 11 ದಿನ. ಜನವರಿ 9ಕ್ಕೆ ತಳೇಗಾಂವ್ ತಲುಪಿದಾಗ ಊರು ಸುಟ್ಟುಹೋಗಿತ್ತು. ಶತ್ರುವಿಗೆ ಕಾಳು ಸಿಗಬಾರದೆಂದು ಮರಾಠರೇ ಬೆಂಕಿ ಇಟ್ಟಿದ್ದರು. ಪುಣೆ ಇನ್ನು 18 ಮೈಲಿ, ಕೈಯಲ್ಲಿ 18 ದಿನದ ದಿನಸಿ. ಆದರೂ ಸೇನಾ ಸಮಿತಿ ಹಿಂದಿರುಗಲು ತೀರ್ಮಾನಿಸಿತು. ವಡಗಾಂವ್‌ನಲ್ಲಿ ಮರಾಠ ಸರದಾರ ಮಹಾದಜಿ ಶಿಂದೆಯ ಕುದುರೆಗಳು ಸುತ್ತುವರಿದವು. ಅಲ್ಲಿ ಸಹಿಯಾದ ಕರಾರಿನಂತೆ 1773ರ ನಂತರ ಹಿಡಿದದ್ದನ್ನೆಲ್ಲ ಇಂಗ್ಲಿಷರು ಬಿಡಬೇಕಿತ್ತು. ಶಿಂದೆಯ ಸೇವಕರಿಗೆ 41,000 ರೂಪಾಯಿ ಇನಾಮಿನ ಮಾತೂ ಇತ್ತು. ಮುಂಬಯಿ ಆ ಕಾಗದವನ್ನು ಒಪ್ಪಲೇ ಇಲ್ಲ.

ಯುದ್ಧ ಮುಂದುವರಿದಾಗ ಪುಣೆಗೆ ದಕ್ಷಿಣದ ಗೆಳೆಯ ಬೇಕಾದ. ಈ ಬಾಬತ್ತು ಕನ್ನಡಿಗರಿಗೆ ಸಂಬಂಧಿಸಿದ್ದು. 1780ರಲ್ಲಿ ಮೈಸೂರಿನ ಹೈದರಾಲಿಯ ಜೊತೆ ಆದ ಒಪ್ಪಂದದಂತೆ ಅವನ ವರ್ಷದ ಕಪ್ಪ 11 ಲಕ್ಷಕ್ಕೆ ಇಳಿಯಿತು. ಧಾರವಾಡವೂ ಸೇರಿ ಕೃಷ್ಣೆಯ ದಕ್ಷಿಣಕ್ಕೆ ಅವನು ಹಿಡಿದಿದ್ದ ನೆಲ ಅವನಲ್ಲೇ ಉಳಿಯಿತು. ಆ ಬಯಲಿನ ಗೌಡ, ಶಾನುಭೋಗರನ್ನು ಯಾರೂ ಕೇಳಿದ್ದಿಲ್ಲ. ಜುಲೈಯಲ್ಲಿ ಹೈದರ್ ಸುಮಾರು 80,000 ದಂಡಿನೊಡನೆ ಕರ್ನಾಟಿಕ್ ಬಯಲಿಗೆ ಇಳಿದ. ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಬಂದು ಅವನ ಹಡಗುಗಳನ್ನು ನಾಶಮಾಡಿದ. ಅದೇ ತಿಂಗಳು ವಸಈಯೂ ಇಂಗ್ಲಿಷ್ ಸೇನಾನಿ ಗಾಡರ್ಡ್ ಕೈಸೇರಿತು.

ಪುಣೆಗೆ ಹೇಳಿಕೊಳ್ಳುವಂಥ ಹಡಗುಪಡೆ ಏಕಿರಲಿಲ್ಲ? ಉತ್ತರ 1756ರಲ್ಲಿದೆ. ಆ ಹಡಗುಪಡೆಯ ಒಡೆಯ ತುಳಾಜಿ ಆಂಗ್ರೆಯ ಮೇಲಿನ ಸಿಟ್ಟಿಗೆ ಆಗಿನ ಪೇಶ್ವೆ ನಾನಾಸಾಹೇಬನೇ ಇಂಗ್ಲಿಷರನ್ನು ಕರೆದು ವಿಜಯದುರ್ಗದಲ್ಲಿ ಮರಾಠರದೇ ದೊಡ್ಡ ಹಡಗುಪಡೆಯನ್ನು ಸುಡಿಸಿದ್ದ. ಸಿಕ್ಕ ಸುಮಾರು 10 ಲಕ್ಷದ ಲೂಟಿಯನ್ನು ಇಂಗ್ಲಿಷ್ ಸೇನಾನಿಗಳಾದ ವಾಟ್ಸನ್ ಮತ್ತು ಕ್ಲೈವ್ ಕಡೆಯವರು ತಮ್ಮೊಳಗೇ ಹಂಚಿಕೊಂಡರು. ನನ್ನ ಮಟ್ಟಿಗೆ ಇಡೀ ಲೆಕ್ಕದ ಅತಿ ದುಬಾರಿ ಕಲಮು ಇದೇ. ಸಮುದ್ರದ ಮೇಲೆ ತಾಟಸ್ಥ್ಯ ಕಾಯಲು ಹಡಗು ಬೇಕೆಂಬುದನ್ನು ಮುಂದೆ ಅಮೆರಿಕವೂ ಕಲಿಯಿತು. ಇಂಗ್ಲೆಂಡು, ಫ್ರಾನ್ಸ್ ಎರಡು ಕಡೆಯವರೂ ತನ್ನ ಹಡಗು ಹಿಡಿಯುತ್ತಿದ್ದಾರೆಂದು ಅದು 1807ರಲ್ಲಿ ತನ್ನ ಬಂದರುಗಳನ್ನೇ ಮುಚ್ಚಿಕೊಂಡಿತು, ರಫ್ತು 10.8 ಕೋಟಿ ಡಾಲರಿನಿಂದ ಒಂದೇ ವರ್ಷದಲ್ಲಿ 2.2 ಕೋಟಿಗೆ ಕುಸಿಯಿತು.

1782ರಲ್ಲಿ ಕೋರಮಂಡಲ ಮತ್ತು ಸಿಂಹಳದ ಕಡಲಿನಲ್ಲಿ ಹ್ಯೂಸ್ ಮತ್ತು ಫ್ರೆಂಚ್ ಸೇನಾನಿ ಸಫ್ರೆನ್ ನಾಲ್ಕು ಬಾರಿ ಎದುರಾದರು. ಐದನೆಯದು 1783ರ ಜೂನ್‌ನಲ್ಲಿ ಕಡಲೂರಿನ ಎದುರು, 18 ಇಂಗ್ಲಿಷ್ ಹಡಗುಗಳಿಗೆ 15 ಫ್ರೆಂಚ್ ಹಡಗು. ಈ ನಡುವೆ 1782ರ ಮೇ 17ರಂದು ಸಾಲ್‌ಬಾಯ್‌ನಲ್ಲಿ ಮರಾಠ-ಇಂಗ್ಲಿಷ್ ಒಪ್ಪಂದವಾಯಿತು. ವಸಈ ಹಿಂದಕ್ಕೆ ಬಂತು, ಸಾಷ್ಟಿ ಹೋಯಿತು. ರಘುನಾಥರಾವ್‌ಗೆ ತಿಂಗಳಿಗೆ 25,000. ವರ್ಷಗಟ್ಟಲೆ ಹೊಡೆದಾಡಿದ ಮೇಲೂ ಅಂಕಿ ಪುರಂದರದ್ದೇ! ಅವನು 1783ರ ಡಿಸೆಂಬರಿನಲ್ಲಿ ತೀರಿಕೊಂಡ; ಹೆಚ್ಚು ಕಂತು ಕೊಡಬೇಕಾಗಲಿಲ್ಲ. ಭಾರವಾದ ಷರತ್ತು ಇನ್ನೊಂದಿತ್ತು: ಪೋರ್ಚುಗೀಸರ ಹೊರತು ಬೇರೆ ಯುರೋಪಿಯನ್ನರಿಗೆ ಪೇಶ್ವೆಯ ನಾಡಿನಲ್ಲಿ ವ್ಯಾಪಾರದ ಕೋಠಿ ಕೊಡಬಾರದು. ತಾಟಸ್ಥ್ಯವೇನೋ ಸಿಕ್ಕಿತು, ಬರೆದವನು ಮಾತ್ರ ಎದುರಾಳಿ.

ನಾನಾ ಸುಮ್ಮನೆ ಮೊಹರು ಒತ್ತಲಿಲ್ಲ. 217 ದಿನ ಕಾಯಿಸಿದ. ಫ್ರೆಂಚರು ಗೆದ್ದರೆ, ಹೈದರ್ ಗೆದ್ದರೆ ಎಂಬ ಎರಡು ಬಾಗಿಲು ತೆರೆದೇ ಇಟ್ಟ. ಡಿಸೆಂಬರ್ 7ರಂದು ಹೈದರ್ ತೀರಿಕೊಂಡ, 20ರಂದು ಪುಣೆ ಒಪ್ಪಿಗೆ ಕೊಟ್ಟಿತು. ಇಡೀ ಲೆಕ್ಕದಲ್ಲಿ ಅವನು ಕಾಸು ಕೊಡದೆ ಗಳಿಸಿದ್ದು ಆ ಏಳು ತಿಂಗಳು ಮಾತ್ರ.

ಮುಂದೆ ಪೇಶ್ವೆಯಾದ ಎರಡನೇ ಬಾಜೀರಾಯನಿಗೆ ಆ ತಾಳ್ಮೆ ಇರಲಿಲ್ಲ. 1802ರ ಡಿಸೆಂಬರ್ 31ರಂದು ವಸಈಯಲ್ಲಿ ಅವನು ಸಹಿ ಹಾಕಿದ ಕಾಗದದಂತೆ ಇಂಗ್ಲಿಷರ ಶತ್ರುಗಳಾದ ಯುರೋಪಿಯನ್ನರಿಗೆ ಪುಣೆಯಲ್ಲಿ ಕೆಲಸವಿಲ್ಲ, ಕಂಪನಿಯ ಪಡೆಗೆಂದು ವರ್ಷಕ್ಕೆ 26 ಲಕ್ಷ ಹುಟ್ಟುವಳಿಯ ಸೀಮೆ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ಸವಣೂರು ಮತ್ತು ಬಂಕಾಪುರದ ಬಾಬತ್ತು. ಮರುವರ್ಷ ಕಂಪನಿ ಮನಸ್ಸು ಬದಲಿಸಿ ಆ ಕನ್ನಡ ಸೀಮೆಗಳನ್ನು ಹಿಂದಿರುಗಿಸಿತು; ಅದರ ಬದಲು ಬುಂದೇಲಖಂಡದಲ್ಲಿ ಬರೆಸಿಕೊಂಡ ನೆಲದ ಹುಟ್ಟುವಳಿ 36 ಲಕ್ಷ.